ದೇವಾನಂದ ಅಕ್ವೇರಿಯಂನ ಸರಡಾ ಮೀನು

೩ ಸೆಪ್ಟೆಂಬರ್ ೧೯೯೮, ಗುರುವಾರ

ಅಂಗಡಿಯ ಶಟರ್ ಇವತ್ತು ಮೊದಲ ಸಲ ನಾನೇ ಎತ್ತಿದೆ. ಅರ್ಧಕ್ಕೆ ಸಿಕ್ಕಿಕೊಂಡಿತು. ಪಕ್ಕದ ಬ್ಯಾಗಿನ ಅಂಗಡಿಯವನು ನೋಡುತ್ತ ನಿಂತ, ಕೈ ಹಾಕಲಿಲ್ಲ. ಇರಲಿ. ಬಗ್ಗಿಕೊಂಡೇ ಒಳಗೆ ಹೋದೆ.

ಇವರು ಆಸ್ಪತ್ರೆಯಲ್ಲಿದ್ದಾರೆ. ಭಾನುವಾರ ಲೂನಾ ಮೊಪೆಡ್ಡಿನ ಹಿಂದೆ ಗಾಜಿನ ಟ್ಯಾಂಕ್ ಕಟ್ಟಿಕೊಂಡು ಗಿರಾಕಿಯ ಮನೆಗೆ ಹೊರಟವರು ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದಾರೆ. ಎರಡು ತಿಂಗಳ ಮೇಲಿನ ಮಾತು ಎಂದರು ಡಾಕ್ಟರು. ಪುಣೆ ಕ್ಯಾಂಪಿನ ಸಣ್ಣ ಓಣಿಯಲ್ಲಿ ಇಪ್ಪತ್ತೆರಡು ಟ್ಯಾಂಕಿನ ಅಂಗಡಿ, ಮೇಲೆ ಇವರದೇ ಹೆಸರಿನ 'ದೇವಾನಂದ ಅಕ್ವೇರಿಯಂ' ಎಂಬ ಬೋರ್ಡು. ಎರಡು ತಿಂಗಳು ಮುಚ್ಚಿಟ್ಟರೆ ಒಳಗೆ ಒಂದು ಜೀವವೂ ಉಳಿಯುವುದಿಲ್ಲ.

"ಭಾಗ್ಯಾ, ನೀ ಬರೇ ಕಾಳು ಹಾಕು, ನೀರು ನೋಡ್ಕೋ. ಎಷ್ಟು ಸತ್ತು ಅಂತ ಒಂದು ವಹಿಯಾಗ ಬರದಿಡು" ಎಂದರು. ಅದಕ್ಕೇ ಈ ವಹಿ. ಹತ್ತನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದಕ್ಕೆ ಈಗ ಉಪಯೋಗ ಬಂತು.

ಸತ್ತದ್ದು: ಹತ್ತೊಂಬತ್ತು. ಕೊಂದವಳು ನಾನು. ಲೈಟು ಹಾಕಿದಾಗ ನೀಲಿ ಕೆಂಪು ಗೆರೆಯ ಚಿಕ್ಕ ನಿಯಾನ್ ಮೀನುಗಳೆಲ್ಲ ಬಿಳಚಿಕೊಂಡು ತೇಲುತ್ತಿದ್ದವು. ಏನೋ ರೋಗ ಬಡಿಯಿತು ಎಂದು ಹೆದರಿ ಔಷಧದ ಬಾಟಲಿ ಅರ್ಧ ಸುರಿದೆ. ಸಂಜೆ ಆಸ್ಪತ್ರೆಯಲ್ಲಿ ಹೇಳಿದರೆ ಇವರು ಹಣೆ ಬಡಿದುಕೊಂಡರು. "ಕತ್ತಲದಾಗ ಅವು ಬಣ್ಣ ಕಳ್ಕೋತಾವ. ಲೈಟ್ ಹಾಕಿ ಹತ್ತು ಮಿನಿಟ್ ಕುಂತಿದ್ರ ತಾನೇ ಬರ್ತಿತ್ತು."

ಹತ್ತು ನಿಮಿಷ ಕೂರಲಾರದೆ ಹತ್ತೊಂಬತ್ತು ಜೀವ ತೆಗೆದೆ. ಇನ್ನು ಮೇಲೆ ಕೂತು ನೋಡದೆ ಯಾವುದಕ್ಕೂ ಕೈ ಹಾಕುವುದಿಲ್ಲ.

೯ ಸೆಪ್ಟೆಂಬರ್, ಬುಧವಾರ

ಸತ್ತದ್ದು: ಎರಡು.

ನಿನ್ನೆ ಮಂಗಳವಾರ, ಅಂಗಡಿಗೆ ರಜೆ. ಆದರೂ ಹೋಗಿ ಗಾಜು ಒರೆಸಿದೆ. ಮದುವೆಯಾಗಿ ಆರು ವರ್ಷದಲ್ಲಿ ನಾನು ಅಂಗಡಿಗೆ ಬರುತ್ತಿದ್ದುದೇ ರಜೆಯ ದಿನ, ಅದೂ ಗಾಜಿನ ಮೀನಿಗೆ ಇವರು ಲಸಿಕೆ ಹಾಕುವಾಗ ಹಿಡಿದುಕೊಡಲು. ಆ ಮೀನಿನ ಮೈಯೊಳಗಿನ ಮುಳ್ಳು ಕೂಡ ಹೊರಗೆ ಕಾಣುತ್ತದೆ. ಲಸಿಕೆ ಬಿದ್ದರೆ ರೋಗ ಬರುವುದಿಲ್ಲವಂತೆ, ಬೆನ್ನಿನ ಮೇಲೆ ಗುಲಾಬಿ, ಹಸಿರು ಬಣ್ಣ ತೆರೆಯುತ್ತದಂತೆ. ಒದ್ದೆ ಬಟ್ಟೆಯಲ್ಲಿ ಒಂದೊಂದೇ ಹಿಡಿದು ಚಾಚುವುದು ನನ್ನ ಕೆಲಸ. ಸೂಜಿ ಎಂದರೆ ನನಗಾಗದು. ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಕೂರುತ್ತಿದ್ದೆ.

ಬಾಗಿಲ ಹಿಂದಿನ ಕತ್ತಲೆ ಮೂಲೆಯಲ್ಲಿ ಹದಿನೇಳನೇ ಟ್ಯಾಂಕ್ ಇದೆ. ಅದರಲ್ಲಿ ಬೆರಳುದ್ದದ ಎಂಟು ಮೀನು. ಬಂಗಾಲದ ಕಡೆಯವು, ಮುಂಬೈ ಮಾಲಿನ ಜೊತೆ ಬಂದಿವೆ. ಇವರು 'ಸರಡಾ' ಎನ್ನುತ್ತಾರೆ. ಮರಾಠಿಯಲ್ಲಿ ಗೋಸುಂಬೆಗೆ ಹಾಗೆನ್ನುವುದು. ನಾನು ಬಗ್ಗಿ ನೋಡಿದರೆ ಕೆಸರಿನ ಬಣ್ಣ. ಸುಮ್ಮನೆ ದೂರ ಸ್ಟೂಲ್ ಹಾಕಿ ಕೂತರೆ ಒಂದು ನಿಧಾನಕ್ಕೆ ನೀಲಿಯಾಯಿತು. ಇನ್ನೊಂದಕ್ಕೆ ಪಟ್ಟಿ ಮೂಡಿತು. ಗಿರಾಕಿ ಬಂದು ಮುಖ ಹಾಕಿದ್ದೇ ತಡ, ಮತ್ತೆ ಕೆಸರು. ಹೀಗಾದರೆ ಇವನ್ನು ಯಾರು ಕೊಳ್ಳುತ್ತಾರೆ!

೧೪ ಸೆಪ್ಟೆಂಬರ್, ಸೋಮವಾರ

ಮೈ ಇನ್ನೂ ಉರಿಯುತ್ತಿದೆ.

ಮಧ್ಯಾಹ್ನ ಕೃಷ್ಣಾಜಿ ಎನ್ನುವ ಹಿರಿಯರು ಬಂದರು. ಧಾರವಾಡದ ಕಡೆಯವರು, ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಪುಣೆಯ ಮೀನು ಸಾಕುವವರ ಮಂಡಳಿಗೆ ಅಧ್ಯಕ್ಷರು. ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಒಳಗೆ ಕೆಸರು ಬಣ್ಣದ ನಾಲ್ಕು ಸರಡಾ.

"ದೇವಾನಂದ ಎಲ್ಲಿದ್ದಾನ್ರಿ?"

"ಬಿದ್ದಾರ್ರಿ ಸರ್, ಆಸ್ಪತ್ರ್ಯಾಗ ಅದಾರ. ನಾ ಅವರ ಮನಿಯಾಕಿ."

ಅಯ್ಯೋ ಎಂದರು, ಹೇಗಿದ್ದಾನೆ ಎಂದು ಕೇಳಿದರು. ಆಮೇಲೆ ಚೀಲ ಮೇಜಿನ ಮೇಲಿಟ್ಟರು. "ಇಲ್ಲಿ ನೋಡಿದಾಗ ಕಡುನೀಲಿ ಇತ್ತು, ಮೈತುಂಬ ಕೆಂಪು ಪಟ್ಟಿ. ಮನ್ಯಾಗ ತಳಕ್ಕ ಬಿಳಿ ಹಳ್ಳು, ಸಣ್ಣ ಕಲ್ಲು ಹಾಸಿದ ಟ್ಯಾಂಕಿಗೆ ಬಿಟ್ಟೆ, ಅರ್ಧ ತಾಸಿನ್ಯಾಗ ಹಿಂಗಾತು. ಎರಡು ತಿಂಗಳು ದಾರಿ ನೋಡೀನಿ. ಅದಕ್ಕೂ ಮೊದಲ ಒಯ್ದ ಗಾಜಿನ ಮೀನಿಂದೂ ಗುಲಾಬಿ ಎಲ್ಲಾ ಅಳಿಸಿ ಹೋತು. ನೀವು ಮೀನಿಗೆ ಬಣ್ಣ ಹಾಕಿ ಮಾರ್ತೀರಿ."

"ಸರ್, ನಮ್ಮ ಅಂಗಡ್ಯಾಗ ಅಂಥಾ ಕೆಲಸ ನಡಿಯಂಗಿಲ್ಲ."

"ದೇವಾನಂದ ಮೊದಲ ಗ್ವಾಡಿಗೆ ಬಣ್ಣ ಹಚ್ಚತಿದ್ನಂತಲ್ಲ?"

"ಗ್ವಾಡಿ ಬ್ಯಾರೆ ಸರ್, ಜೀವ ಬ್ಯಾರೆ. ಹಚ್ಚತಿದ್ರು, ಹೌದು. ನಮ್ಮಪ್ಪ ಗ್ವಾಡಿ ಕಟ್ಟತಾನ, ಇವರು ಬಣ್ಣ ಹಚ್ಚತಿದ್ರು. ಈ ಊರಾಗ ನೀವಿರೂ ಮನಿ ನಮ್ಮಂಥವ್ರೇ ಕಟ್ಟಿದ್ದು."

ಕೊನೆಯ ಮಾತು ಬೇಕಾಗಿರಲಿಲ್ಲ. ಆದರೆ ಆಡಿದ್ದಾಗಿದೆ. ಅವರು ಸಿಟ್ಟಾಗಲಿಲ್ಲ, ಚೀಲ ಅಲ್ಲೇ ಬಿಟ್ಟು ಹೋದರು. ನಾಲ್ಕನ್ನೂ ಹದಿನೇಳಕ್ಕೆ ಬಿಟ್ಟೆ. ಆ ಟ್ಯಾಂಕಿನ ತಳ ಹಳೆಯ ರಾಡಿಯಿಂದ ಕಪ್ಪಾಗಿದೆ. ಅಂಗಡಿ ಮುಚ್ಚುವ ಹೊತ್ತಿಗೆ ಮೂರು ಕಡುನೀಲಿ, ಕೆಂಪು ಪಟ್ಟಿ ಸಮೇತ! ಹೊರಗೆ ಓಡಿ ಬಂದೆ, ಕೃಷ್ಣಾಜಿ ಅಲ್ಲೇ ನಿಂತಿರುತ್ತಾರೆ ಎನ್ನುವ ಹಾಗೆ.

೨೬ ಸೆಪ್ಟೆಂಬರ್, ಶನಿವಾರ

ಮಂಡಳಿಯಿಂದ ಮರಾಠಿಯಲ್ಲಿ ಕಾಗದ ಬಂದಿದೆ. ನವೆಂಬರ್ ೮, ಭಾನುವಾರ ಸಂಜೆ ನಾಲ್ಕಕ್ಕೆ ಸಭೆ. ಬಣ್ಣ ಹಾಕಿದ ಮೀನು ಮಾರುವ ಆರೋಪಕ್ಕೆ ಅಲ್ಲಿ ಬಂದು ಉತ್ತರ ಕೊಡಬೇಕು. ಕೊಡದಿದ್ದರೆ ಡಿಸೆಂಬರಿನ ಪ್ರದರ್ಶನದಲ್ಲಿ ನಮಗೆ ಸ್ಟಾಲು ಇಲ್ಲ. ಅಷ್ಟೇ ಅಲ್ಲ, ಪ್ರದರ್ಶನದ ಬಾಗಿಲಲ್ಲೇ ನಮ್ಮ ಅಂಗಡಿಯ ಹೆಸರನ್ನು ಬರೆದು ಹಚ್ಚುತ್ತಾರಂತೆ.

ಪುಣೆಯಲ್ಲಿ ಮೀನು ಸಾಕುವ ಅಷ್ಟೂ ಜನ ಆ ಬಾಗಿಲಿಂದಲೇ ಒಳಗೆ ಹೋಗುವುದು. ಅಲ್ಲಿ ಹೆಸರು ಬಿದ್ದರೆ ಅಂಗಡಿ ಮುಗಿದ ಹಾಗೆ.

ಇವರಿಗೆ ಓದಿ ಹೇಳಿದೆ. ನನಗಿಂತ ಹೆಚ್ಚು ಉರಿಯುತ್ತಾರೆ ಅಂದುಕೊಂಡಿದ್ದೆ. ಇವರು ಛಾವಣಿ ನೋಡುತ್ತ, "ಬಿಡು ಅದನ್ನ. ನಾಲ್ಕು ದಿನ ಮಾತಾಡ್ತಾರ, ಸುಮ್ನಾಗ್ತಾರ. ನೀ ಹೋಗಬ್ಯಾಡ" ಎಂದರು. ನೋವಿನಲ್ಲಿ ಮನುಷ್ಯನಿಗೆ ಧೈರ್ಯ ಸೋರಿ ಹೋಗುತ್ತದೆ, ಪಾಪ. ಸರಿ ಎಂದು ತಲೆ ಆಡಿಸಿ ಬಂದೆ.

ಹೋಗುತ್ತೇನೆ. ಮೀನು ತೆಗೆದುಕೊಂಡೇ ಹೋಗುತ್ತೇನೆ. ಅವರ ಕಣ್ಣೆದುರೇ ಬಣ್ಣ ಬದಲಾಗಲಿ, ಆಮೇಲೆ ಮಾತಾಡಲಿ.

೪ ಅಕ್ಟೋಬರ್, ಭಾನುವಾರ

ಅಪ್ಪ ಸೈಟಿನಿಂದ ಕಪ್ಪು ಕಲ್ಲಿನ ಖಡಿ, ಅಂದರೆ ಸಣ್ಣ ಜಲ್ಲಿ, ಎರಡು ಬುಟ್ಟಿ ತಂದು ಜರಡಿ ಹಿಡಿದುಕೊಟ್ಟ. ಕಾಶಪ್ಪ ಮೇಸ್ತ್ರಿ ಮಗಳ ಹುಚ್ಚಿಗೆ ಭಾನುವಾರವೂ ಕಲ್ಲು ತೊಳೆಯುತ್ತಾನೆ ಎಂದು ತನ್ನನ್ನೇ ನಗಾಡಿಕೊಂಡ. ಒಂದು ಟ್ಯಾಂಕಿನ ತಳಕ್ಕೆ ಆ ಖಡಿ, ಇನ್ನೊಂದಕ್ಕೆ ಬಿಳಿ ಹಳ್ಳು. ಎರಡಕ್ಕೂ ಎರಡೆರಡು ಸರಡಾ ಬಿಟ್ಟೆ.

ಏನೂ ಆಗಲಿಲ್ಲ. ಎರಡೂ ಕಡೆ ಕೆಸರು ಬಣ್ಣ. ಮೂರು ಗಂಟೆ ಕೂತೆ, ಸೊಂಟ ಹಿಡಿಯಿತು.

೭ ಅಕ್ಟೋಬರ್, ಬುಧವಾರ

ಸತ್ತದ್ದು: ಎರಡು ಸರಡಾ. ಹೊಟ್ಟೆ ಬೆನ್ನಿಗೆ ಅಂಟಿತ್ತು.

ಹುಳ ತಂದುಕೊಡುವ ಲಾಲಪ್ಪನಿಗೆ ತೋರಿಸಿದೆ. ಶಹಾಪುರದ ಕಡೆಯವನು, ಮುಳಾ ನದಿಯ ರಾಡಿ ಸೋಸಿ ಸಣ್ಣ ಕೆಂಪು ಹುಳ ಹಿಡಿದು ಎಲ್ಲ ಮೀನಿನ ಅಂಗಡಿಗೂ ಕೊಡುತ್ತಾನೆ. "ಯವ್ವಾ, ಇವು ಕಾಳು ಮುಟ್ಟಂಗಿಲ್ಲ. ಜೀವ ಇದ್ದ ಹುಳಾನೇ ಬೇಕು. ದೇವಾನಂದಣ್ಣ ಇವಕ್ಕಂತ ಬ್ಯಾರೆ ತಗೋತಿದ್ದ, ನಿನಗ ಹೇಳಿಲ್ಲೇನು?"

ಇಲ್ಲ, ಹೇಳಿಲ್ಲ. ಒಂದು ತಿಂಗಳು ಅವುಗಳ ಮುಂದೆ ಕಾಳು ಸುರಿದು, ತಿನ್ನಲಿಲ್ಲವೆಂದು ಬೈದಿದ್ದೇನೆ. ಹಸಿದ ಮೀನು ಯಾವ ಬಣ್ಣ ತೋರಿಸೀತು?

೧೩ ಅಕ್ಟೋಬರ್, ಮಂಗಳವಾರ

ರಜೆ. ಬೆಳಗ್ಗೆ ಎಂಟರಿಂದ ಕೂತಿದ್ದೆ. ಮುಂದೆ ಬೇಕಾದಾಗ ಸಿಗಲಿ ಎಂದು ಇಲ್ಲೇ ಬರೆದಿಡುತ್ತೇನೆ.

ಬಿಳಿ ಹಳ್ಳಿನಿಂದ ಕಪ್ಪು ಖಡಿಗೆ ಬಿಟ್ಟರೆ ಒಂದು ಚಹಾ ಕುಡಿದು ಕಪ್-ಬಸಿ ತೊಳೆಯುವಷ್ಟರಲ್ಲಿ ಬಣ್ಣ ಗಾಢವಾಗುತ್ತದೆ. ತಿರುಗಿ ಬಿಳಿಗೆ ಬಿಟ್ಟರೆ ಅದಕ್ಕಿಂತ ಬೇಗ ಬಿಳಚುತ್ತದೆ. ಅಡಗಲು ಮಡಕೆಯ ಚೂರು ಇರಬೇಕು, ಇಲ್ಲದಿದ್ದರೆ ಖಡಿ ಎಷ್ಟೇ ಕಪ್ಪಿದ್ದರೂ ಮೀನು ಹೆದರಿಕೊಂಡೇ ಇರುತ್ತದೆ. ಎರಡು ಗಂಡು ಎದುರಾದರೆ ರೆಕ್ಕೆ ಬಿಚ್ಚಿ ಎರಡೂ ಕಪ್ಪಾಗುತ್ತವೆ. ಸೋತದ್ದು ಆ ಕ್ಷಣವೇ ಬಿಳಚಿ ಮೂಲೆ ಸೇರುತ್ತದೆ. ಗೆದ್ದದ್ದು ಮಡಕೆಯ ಬಾಯಲ್ಲಿ ನಿಂತು ನೀಲಿಯಾಗುತ್ತದೆ, ಎಂಥ ನೀಲಿ! ಮಧ್ಯಾಹ್ನ ಹೆಣ್ಣೊಂದು ಆ ಮಡಕೆಯ ಹತ್ತಿರ ಹೋಯಿತು. ಗಂಡಿನ ಮೈಯ ಪಟ್ಟಿಗಳೆಲ್ಲ ಮುಳುಗಿ ಹೋಗಿ ಬರೀ ನೀಲಿಗಪ್ಪು ಉಳಿಯಿತು. ಊಟ ಮರೆತೆ.

ಆರು ವರ್ಷ ಈ ಅಂಗಡಿಗೆ ಬಂದು ಗೋಡೆ ನೋಡಿಕೊಂಡು ಕೂತಿದ್ದೆನಲ್ಲ.

೨೨ ಅಕ್ಟೋಬರ್, ಗುರುವಾರ

ದೀಪಾವಳಿ ಮುಗಿಯಿತು. ಹಬ್ಬಕ್ಕೆ ಅಂಗಡಿಯಲ್ಲೂ ಹಣತೆ ಇಟ್ಟಿದ್ದೆ. ಪಟಾಕಿಯ ಸದ್ದಿಗೆ ಸರಡಾಗಳು ಮೂರು ದಿನ ಬಿಳಚಿಕೊಂಡಿದ್ದವು, ಇವತ್ತು ಸರಿಯಾದವು.

ಮುಂಬೈಯಿಂದ ಮಾಲು ಬಂತು. ಅದರಲ್ಲಿ ನಲವತ್ತು ಗಾಜಿನ ಮೀನು, ಇನ್ನೂ ಬಣ್ಣ ತೆರೆಯದವು. ಇವರಿಗೆ ಹೇಳಿದರೆ, "ಅವು ಹಂಗೇ ಇರ್ಲಿ, ನಾ ಬಂದ ಮ್ಯಾಲೆ ನೋಡ್ತೀನಿ" ಎಂದರು. ಇವರು ಬರಲು ಇನ್ನೂ ಮೂರು ವಾರ. ಲಸಿಕೆ ಇಲ್ಲದೆ ಮೂರು ವಾರ ಇಟ್ಟರೆ ರೋಗ ಬಂದು ಎಲ್ಲ ಹೋದವೆಂದರೆ? ನಾನು ಸೂಜಿಗೆ ಹೆದರುತ್ತೇನೆಂದು ಇವರಿಗೆ ಗೊತ್ತು, ಅದಕ್ಕೇ ಹೇಳಲಿಲ್ಲ. ಶಟರ್ ಎತ್ತಲು ಬರದವಳು ಎತ್ತಲಿಲ್ಲವೇ? ಸೂಜಿ ಏನು ಮಹಾ. ಮಂಗಳವಾರ ನಾನೇ ಹಾಕುತ್ತೇನೆ.

೨೭ ಅಕ್ಟೋಬರ್, ಮಂಗಳವಾರ

ಶಟರ್ ಅರ್ಧ ಇಳಿಸಿ ಕೂತೆ. ಕಪಾಟಿನಲ್ಲಿ ಪೇಪರಿನಲ್ಲಿ ಸುತ್ತಿಟ್ಟ ಬಾಟಲಿಗಳು, ಮೇಲೆ ಇವರ ಅಕ್ಷರದಲ್ಲಿ 'ಲಸಿಕೆ'. ತೆಳ್ಳಗಿನ ಸೂಜಿಗಳು. ಒದ್ದೆ ಬಟ್ಟೆ ಎಡಗೈಯಲ್ಲಿ ಹಿಡಿದೆ. ಇವರು ಬೆನ್ನಿನ ಮೇಲೆ ಹಾಕುತ್ತೇನೆ ಎನ್ನುತ್ತಿದ್ದರು. ಕಣ್ಣು ಮುಚ್ಚಬಾರದೆಂದು ಹಲ್ಲು ಕಚ್ಚಿ ಚುಚ್ಚಿದೆ.

ಸೂಜಿಯ ತುದಿಯಲ್ಲೇ ಗುಲಾಬಿ ಹರಡಿತು.

ರಕ್ತವೋ ಎಂದುಕೊಂಡೆ. ರಕ್ತಕ್ಕೆ ಆ ಬಣ್ಣ ಇಲ್ಲ. ಎರಡನೆಯದಕ್ಕೆ ಇನ್ನೊಂದು ಬಾಟಲಿ ತೆಗೆದೆ. ಹಸಿರು. ಗಾಜಿನಂಥ ಮೈಯೊಳಗೆ ಹಸಿರು ನಿಂತುಕೊಂಡಿತು. ನನ್ನ ಕೈಯಲ್ಲೇ ಏನೋ ತಪ್ಪಿರಬೇಕು ಎಂದು ಇನ್ನೂ ನಾಲ್ಕಕ್ಕೆ ಚುಚ್ಚಿದೆ. ಇದು ಲಸಿಕೆಯಲ್ಲ, ಬರೀ ಬಣ್ಣ ಎಂದು ತಿಳಿಯಲು ಆರು ಮೀನು ಬೇಕಾದವು ನನಗೆ.

ಪ್ರತಿಯೊಂದೂ ಬಟ್ಟೆಯೊಳಗೆ ಒಮ್ಮೆಲೇ ಒದ್ದಾಡಿತು. ಆ ಒದ್ದಾಟ ನನ್ನ ಬೆರಳಿಗೆ ಹೊಸದಲ್ಲ. ಆರು ವರ್ಷದಿಂದ ಗೊತ್ತಿದ್ದದ್ದೇ. ಮಕ್ಕಳಿಗೆ ಸೂಜಿ ಹಾಕಿದರೆ ಅಳುವುದಿಲ್ಲವೇ, ಹಾಗೇ ಇದು ಅಂದುಕೊಳ್ಳುತ್ತಿದ್ದೆ.

ಸಂಜೆಗೆ ಎರಡು ಸತ್ತವು.

೨೮ ಅಕ್ಟೋಬರ್, ಬುಧವಾರ

ಆಸ್ಪತ್ರೆಗೆ ಹೋದೆ. ಬಾಟಲಿಯನ್ನು ಹಾಸಿಗೆಯ ಮೇಲಿಟ್ಟೆ. ದೇವಾನಂದ ಅದನ್ನು ನೋಡಿದರು, ನನ್ನನ್ನು ನೋಡಲಿಲ್ಲ.

"ಎಲ್ಲಾರೂ ಮಾಡ್ತಾರ" ಎಂದರು. "ಬಣ್ಣ ಇಲ್ಲದ ಮೀನು ಯಾರು ನೋಡ್ತಾರ? ಸರಡಾ ನೋಡು, ಎಂಥಾ ಮೀನು ಅದು, ಒಬ್ಬರಾದ್ರೂ ಕೇಳ್ತಾರೇನು? ಗಿರಾಕಿಗೆ ನಿಂತ ಕಾಲಮ್ಯಾಲೆ ಬಣ್ಣ ಕಾಣಬೇಕು."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಹಿಡೀತಿದ್ದಿಲ್ಲ."

ಪಕ್ಕದ ಹಾಸಿಗೆಯವರು ಕಿವಿ ಕೊಟ್ಟಿದ್ದರು. ನಾನು ಎದ್ದು ಬಂದೆ. ಟಿಫಿನ್ ಡಬ್ಬಿ ಅಲ್ಲೇ ಬಿಟ್ಟು ಬಂದೆ, ಪುನಃ ಹೋಗಿ ಬಡಿಸಿ ಬಂದೆ.

ಅವರು ಹೇಳಿದ್ದು ನಿಜ. ಗೊತ್ತಿದ್ದರೆ ಹಿಡಿಯುತ್ತಿರಲಿಲ್ಲ. ಅದೇ ಉರಿಯುತ್ತಿದೆ.

೩೧ ಅಕ್ಟೋಬರ್

ಸತ್ತದ್ದು: ಒಂದು.

೪ ನವೆಂಬರ್, ಬುಧವಾರ

ಬಣ್ಣದ ಗಾಜಿನ ಮೀನುಗಳನ್ನೆಲ್ಲ ಹಿಂದಿನ ಟ್ಯಾಂಕಿಗೆ ಹಾಕಿದೆ. ಕೇಳಿದವರಿಗೆ ಮಾರಾಟಕ್ಕಿಲ್ಲ ಎಂದೆ. ಬಾಟಲಿಗಳನ್ನು ಮೋರಿಗೆ ಸುರಿದೆ. ಮೋರಿ ಸ್ವಲ್ಪ ಹೊತ್ತು ಗುಲಾಬಿಯಾಗಿ ಹರಿಯಿತು. ಬ್ಯಾಗಿನ ಅಂಗಡಿಯವನು ಮತ್ತೆ ನೋಡುತ್ತ ನಿಂತ.

ಭಾನುವಾರ ಸಭೆ. ಹೋಗದೆ ಇರಬಹುದು. ಹೋದರೂ ಸರಡಾ ತೋರಿಸಿ, ಗಾಜಿನ ಮೀನು ಮುಂಬೈಯಿಂದಲೇ ಹಾಗೆ ಬರುತ್ತದೆ ಅನ್ನಬಹುದು. ಎಲ್ಲರೂ ನಂಬುತ್ತಾರೆ. ಮೂರು ದಿನದಿಂದ ಆ ಮಾತನ್ನು ಮರಾಠಿಯಲ್ಲಿ ಹೇಳಿ ಹೇಳಿ ನೋಡುತ್ತಿದ್ದೇನೆ, ಬಾಯಿಗೆ ಚೆನ್ನಾಗಿಯೇ ಕೂತಿದೆ.

ಸರಡಾ ಮಾತ್ರ ಬಿಡುವುದಿಲ್ಲ. ಮೂರು ಗಂಡು, ಒಂದು ಹೆಣ್ಣು ಆರಿಸಿಟ್ಟಿದ್ದೇನೆ. ಅವುಗಳ ಮೇಲೆ ಸುಳ್ಳು ಅಪವಾದ ಇರಬಾರದು.

೮ ನವೆಂಬರ್, ಭಾನುವಾರ

ಎಲ್ಲ ಬರೆಯುತ್ತೇನೆ. ಮರೆಯಬಾರದು.

ರಿಕ್ಷಾದಲ್ಲಿ ಅಪ್ಪ ಖಾಲಿ ಟ್ಯಾಂಕು, ಖಡಿಯ ಚೀಲ, ಅಂಗಡಿಯದೇ ಹಳೆಯ ನೀರಿನ ಎರಡು ಕ್ಯಾನ್ ಹಿಡಿದುಕೊಂಡು ಕೂತ. ನನ್ನ ತೊಡೆಯ ಮೇಲೆ ಮೀನಿನ ಚೀಲ. ಶಾಲೆಯೊಂದರ ಕೋಣೆ. ಒಂಬತ್ತು ಗಂಡಸರು, ಮಧ್ಯದಲ್ಲಿ ಕೃಷ್ಣಾಜಿ. ಮರಾಠಿಯಲ್ಲೇ ಹೇಳಿದೆ: "ಇವು ನೀವು ವಾಪಸ್ಸು ಕೊಟ್ಟಂಥದೇ ಸರಡಾ ಮೀನು. ಬಣ್ಣ ಹಾಕಿಲ್ಲ. ನೋಡಿ."

ಮೊದಲು ಬಿಳಿ ಟಬ್ಬಿನಲ್ಲಿ ಬಿಟ್ಟೆ. ನಾಲ್ಕೂ ಬಿಳಚಿದವು. ಎಲ್ಲರೂ ತಲೆ ಆಡಿಸಿದರು. ಆಮೇಲೆ ಖಡಿ ಹಾಸಿ ಮಡಕೆಯ ಚೂರು ಇಟ್ಟ ಟ್ಯಾಂಕಿಗೆ ಬಿಟ್ಟೆ.

ಏನೂ ಆಗಲಿಲ್ಲ.

ಐದು ನಿಮಿಷ, ಹತ್ತು ನಿಮಿಷ. ಒಬ್ಬರು ಗಡಿಯಾರ ನೋಡಿದರು. ಇನ್ನೊಬ್ಬರು ಗಾಜಿಗೆ ಬೆರಳಿಂದ ಟಕಟಕ ಬಡಿದರು. ಒಂಬತ್ತು ಮುಖ ಗಾಜಿಗೆ ಅಂಟಿಕೊಂಡಿದ್ದು ಆಗ ಕಣ್ಣಿಗೆ ಬಿತ್ತು. ಮೀನಿನ ಜಾಗದಲ್ಲಿ ನಾನಿದ್ದರೂ ಕೆಸರು ಬಣ್ಣಕ್ಕೆ ತಿರುಗುತ್ತಿದ್ದೆ.

"ಎಲ್ಲರೂ ಹಿಂದೆ ಸರಿಯಿರಿ" ಎಂದೆ. "ಗೋಡೆಯವರೆಗೆ. ಯಾರೂ ಎದ್ದು ನಿಲ್ಲಬೇಡಿ. ಚಹಾ ತರಿಸಿಕೊಂಡು ಕುಡಿಯಿರಿ."

ಒಬ್ಬರು ಏನೋ ಅನ್ನಲು ಹೋದರು. "ಗಾಜಿಗೆ ಬಡಿದವರು ಎಲ್ಲರಿಗಿಂತ ಹಿಂದೆ" ಎಂದೆ. ಹೋದರು! ಚಹಾ ಬಂತು. ಮೊದಲು ನೋಡಿದವರು ಕೃಷ್ಣಾಜಿಯೇ. ಚಹಾದ ಬಸಿ ತುಟಿಯ ಹತ್ತಿರ ಹಾಗೇ ನಿಂತಿತು. ದೊಡ್ಡ ಗಂಡು ಮಡಕೆಯ ಬಾಯಿಗೆ ಬಂದು ಪಟ್ಟಿ ಮೂಡಿಸಿಕೊಂಡಿತು. ಇನ್ನೊಂದು ಗಂಡು ಎದುರಾಯಿತು, ಎರಡೂ ಕಪ್ಪಾದವು. ಒಂದು ಸೋತು ಬಿಳಚಿ ಓಡಿತು, ಗೆದ್ದದ್ದು ನೀಲಿಯಾಗಿ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ "ಅರೆ ವ್ವಾ" ಎಂದರು. ನನಗೆ ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

ಕೃಷ್ಣಾಜಿ ಕನ್ನಡದಲ್ಲಿ ಹೇಳಿದರು: "ತಪ್ಪು ನಂದು. ನಲವತ್ತು ವರ್ಷ ಪಾಠ ಹೇಳೀನಿ, ಬಿಳಿ ಹಳ್ಳಿನ ವಿಚಾರ ನನ್ನ ತಲ್ಯಾಗ ಬರಲಿಲ್ಲ." ಆಮೇಲೆ ಪಕ್ಕದವರಿಗೆ ಮರಾಠಿಯಲ್ಲಿ ಬರೆಯಿಸತೊಡಗಿದರು, ದೇವಾನಂದ ಅಕ್ವೇರಿಯಂ ಮೇಲಿನ ಆರೋಪ ಸುಳ್ಳು, ಸರಡಾ ಮತ್ತು ಗಾಜಿನ ಮೀನು ಎರಡೂ ಸ್ವಭಾವದಿಂದಲೇ ಬಣ್ಣ ಬದಲಿಸುತ್ತವೆ ಎಂದು.

"ಎರಡೂ ಅಲ್ಲ, ಸರಡಾ ಒಂದೇ" ಎಂದೆ.

ಬರೆಯುವವರ ಪೆನ್ನು ನಿಂತಿತು. ನನ್ನ ಬಾಯಲ್ಲಿ ಚೆನ್ನಾಗಿ ಕೂತಿದ್ದ ಆ ಮರಾಠಿ ಮಾತು ಇನ್ನೂ ಅಲ್ಲೇ ಇತ್ತು. ಆದರೆ ಟ್ಯಾಂಕಿನಲ್ಲಿ ಆ ಮೀನು ನೀಲಿಯಾಗಿ ನಿಂತಿತ್ತು, ಯಾರೂ ಚುಚ್ಚದೆ. ಅದರ ಮುಂದೆ ನನಗೆ ಆ ಮಾತು ಆಡಲಾಗಲಿಲ್ಲ.

"ಗಾಜಿನ ಮೀನಿನ ಬಣ್ಣ ಸೂಜಿಯದು. ನಮ್ಮ ಅಂಗಡಿಯಲ್ಲೇ ಹಾಕಿದ್ದು."

"ಯಾರು ಹಾಕಿದ್ದು?" ಎಂದರು ಒಬ್ಬರು.

"ದೇವಾನಂದ ಹಾಕಿದರು. ಆರು ವರ್ಷ ಹಿಡಿದುಕೊಟ್ಟವಳು ನಾನು, ಭಾಗ್ಯಾ. ಕೊನೆಯ ಆರಕ್ಕೆ ನಾನೇ ಹಾಕಿದೆ."

ಅಪ್ಪ ತಲೆ ತಗ್ಗಿಸಿದ. ಹೊರಗೆ ಕಾಯಲು ಹೇಳಿದರು. ಅರ್ಧ ಗಂಟೆಯ ಮೇಲೆ ಕೃಷ್ಣಾಜಿ ಬಂದರು. ಈ ವರ್ಷ ಸ್ಟಾಲು ಇಲ್ಲ, ಗಾಜಿನ ಮೀನಿನ ವಿಷಯಕ್ಕೆ ಹೆಸರು ಬಾ‍ಗಿಲಲ್ಲಿ ಬರೆಯಲೇಬೇಕು ಎಂದರು. "ನೀವು ಸುಮ್ಮನಿದ್ದಿದ್ರ ಮುಗೀತಿತ್ತಲ್ಲ ತಂಗಿ" ಎಂದರು, ಸಿಟ್ಟಿನಿಂದಲ್ಲ.

ರಿಕ್ಷಾದಲ್ಲಿ ಅಪ್ಪ ಕೇಳಿದ. "ಮೀನು ಹಿಂಗೂ ಬಣ್ಣ ಬದಲಿಸ್ತಾವೇನವ್ವ?" ನನಗೆ ನಗು ಬಂತು, ಅಳುವೂ ಬಂತು.

೯ ನವೆಂಬರ್, ಸೋಮವಾರ

"ನನ್ನ ಹೆಸರು ಹೇಳಿದಿ?"

"ಹೇಳಿದೆ."

"ಒಂಬತ್ತು ಮಂದಿ ಮುಂದ?"

"ಹೂಂ."

ದೇವಾನಂದ ಗೋಡೆಯ ಕಡೆ ತಿರುಗಲು ನೋಡಿದರು. ಕಾಲಿಗೆ ಕಟ್ಟಿದ ತೂಕ ಬಿಡಲಿಲ್ಲ. ಮುಖವನ್ನಷ್ಟೇ ತಿರುಗಿಸಿಕೊಂಡರು.

೧೭ ನವೆಂಬರ್, ಮಂಗಳವಾರ

ಮನೆಗೆ ಕರೆತಂದೆವು. ಊಟ, ಔಷಧ, ನೀರು. ಬೇಕಾದದ್ದಕ್ಕೆ ಮಾತ್ರ ಮಾತು. ರಜೆಯ ದಿನವಾದರೂ ಅಂಗಡಿಗೆ ಹೋಗಿ ಹುಳ ಹಾಕಿ ಬಂದೆ. ಈಗ ಖಡಿ ಹಾಸಿದ ಹದಿನೇಳನೇ ಟ್ಯಾಂಕಿನಲ್ಲಿ ಹೆಣ್ಣು ಸರಡಾ ಮಡಕೆಯೊಳಗೆ ಮೊಟ್ಟೆ ಇಟ್ಟಿದೆ. ಗಂಡು ಕಾಯುತ್ತಿದೆ, ನನ್ನನ್ನು ಕಂಡರೂ ಬಿಳಚುವುದಿಲ್ಲ, ಗುರಾಯಿಸುತ್ತದೆ. ಹೇಳಬೇಕೆನಿಸಿತು. ಹೇಳಿದೆ.

"ಎಷ್ಟು?" ಎಂದರು.

"ಐವತ್ತರ ಮ್ಯಾಲೆ."

"ನನ್ನ ಕೈಯಾಗ ಒಮ್ಮೆನೂ ಇಟ್ಟಿಲ್ಲ" ಎಂದರು.

೨೮ ನವೆಂಬರ್, ಶನಿವಾರ

ವಾರದಲ್ಲಿ ಮೂವರೇ ಗಿರಾಕಿ. ಸುದ್ದಿ ಹಬ್ಬಿದೆ. ಬ್ಯಾಗಿನ ಅಂಗಡಿಯವನು ತನ್ನ ಗಿರಾಕಿಗಳಿಗೆ ಬೆರಳು ಮಾಡಿ ತೋರಿಸುತ್ತಾನೆ.

ಪ್ರದರ್ಶನದ ಬಾಗಿಲಲ್ಲಿ ಬೇರೆಯವರು ಬರೆಯುವುದಕ್ಕೆ ಮೊದಲು ನಾನೇ ಬರೆಯುತ್ತೇನೆ. ರಟ್ಟು ತಂದು ಮರಾಠಿಯಲ್ಲೊಂದು, ಕನ್ನಡದಲ್ಲೊಂದು ಬರೆದು ಶಟರಿನ ಪಕ್ಕ ಅಂಟಿಸಿದೆ:

'ಈ ಅಂಗಡಿಯಲ್ಲಿ ಗಾಜಿನ ಮೀನಿಗೆ ಸೂಜಿಯಿಂದ ಬಣ್ಣ ಹಾಕಿ ಮಾರಿದ್ದೇವೆ. ಇನ್ನು ಮಾರುವುದಿಲ್ಲ. ಒಯ್ದವರು ಬಂದರೆ ಬೇರೆ ಮೀನು ಕೊಡುತ್ತೇವೆ. ಸರಡಾ ಮೀನು ತಾನೇ ಬಣ್ಣ ಬದಲಿಸುತ್ತದೆ. ಅವಸರ ಇಲ್ಲದವರು ಬಂದು ಕೂತು ನೋಡಿ. ದೇವಾನಂದ, ಭಾಗ್ಯಾ.'

ಸ್ಟೂಲ್ ನಾಲ್ಕು ಮಾಡಿದೆ. ಹದಿನೇಳನೇ ಟ್ಯಾಂಕನ್ನು ಮೂಲೆಯಿಂದ ಮುಂದಕ್ಕೆ ತಂದೆ.

೩ ಡಿಸೆಂಬರ್, ಗುರುವಾರ

ನಿನ್ನೆ ಒಬ್ಬರು, ಇವತ್ತು ಇಬ್ಬರು ಓದಿ ಒಳಗೆ ಬಂದರು. ಬೈಯಲು ಬಂದವರೊಬ್ಬರು ಮುಕ್ಕಾಲು ಗಂಟೆ ಕೂತು, ಒಂದು ಜೋಡಿ ಸರಡಾ ಮತ್ತು ಅಪ್ಪ ತಂದ ಖಡಿಯನ್ನೂ ಕೇಳಿ ಒಯ್ದರು. ಹುಳ ಹಾಕುವುದಾದರೆ ಮಾತ್ರ ಕೊಡುತ್ತೇನೆ ಎಂದೆ. ಲಾಲಪ್ಪನ ವಾರಗಳನ್ನು ಬರೆದುಕೊಟ್ಟೆ.

೯ ಡಿಸೆಂಬರ್, ಬುಧವಾರ

ದೇವಾನಂದ ಇವತ್ತು ಅಂಗಡಿಗೆ ಬಂದರು. ಎರಡು ಕಂಕುಳಲ್ಲೂ ಊರುಗೋಲು. ರಿಕ್ಷಾದಿಂದ ಇಳಿದು ಶಟರಿನ ಪಕ್ಕ ನಿಂತು ರಟ್ಟು ಓದಿದರು. ಮರಾಠಿಯದು ಓದಿದರು, ಕನ್ನಡದ್ದು ಓದಿದರು. ಹರಿದು ಹಾಕುತ್ತಾರೆ ಎಂದು ನಾನು ಕಾಯುತ್ತಿದ್ದೆ. ಹರಿದರೆ ಇನ್ನೊಂದು ರಟ್ಟು ಒಳಗೆ ಇಟ್ಟಿದ್ದೆ.

"ಪೆನ್ ಕೊಡು" ಎಂದರು.

ಕೊಟ್ಟೆ. ಊರುಗೋಲಿನ ಮೇಲೆ ಭಾರ ಬಿಟ್ಟು, ಎರಡೂ ರಟ್ಟಿನಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದರು. ತಮ್ಮದನ್ನು ಮುಟ್ಟಲಿಲ್ಲ.

"ನಿಂದ್ಯಾಕ?" ಎಂದರು. "ನಿನಗ ಗೊತ್ತೇ ಇದ್ದಿಲ್ಲ. ನಾ ಸುಳ್ಳು ಹೇಳಿ ಹಿಡಿಸ್ದೆ."

ಒಂದೂವರೆ ತಿಂಗಳಿಂದ ಅವರ ಬಾಯಿಂದ ನನಗೆ ಬೇಕಾಗಿದ್ದ ಮಾತು ಅದೇ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಲಿಗೆ ಇನ್ನೊಂದು ಸ್ಟೂಲ್ ಕೊಟ್ಟೆ. ಹದಿನೇಳನೇ ಟ್ಯಾಂಕಿನಲ್ಲಿ ಜೀರಿಗೆಯಷ್ಟು ಚಿಕ್ಕ ಮರಿಗಳು ಕಪ್ಪು ಖಡಿಯ ಮೇಲೆ ಕಾಣಿಸದ ಹಾಗೆ ಕೂತಿದ್ದವು. ಅವರು ಮೂಗು ಗಾಜಿಗೆ ತಾಗಿಸಿ ಹುಡುಕತೊಡಗಿದರು.

"ಹಿಂದ ಸರೀರಿ" ಎಂದೆ. ಸರಿದರು.

ಪೆನ್ನು ತೆಗೆದುಕೊಂಡು ಹೊರಗೆ ಹೋದೆ. ಮೀನು ಹಿಡಿದ ಕೈ ಇದು. ಆರು ವರ್ಷ ಅವು ಒದ್ದಾಡಿದ್ದು ಈ ಕೈಯೊಳಗೆ. ಅವರು ಎಳೆದ ಗೆರೆಯ ಕೆಳಗೆ ನನ್ನ ಹೆಸರನ್ನು ಮತ್ತೆ ಬರೆದೆ, ಮೊದಲಿಗಿಂತ ದೊಡ್ಡ ಅಕ್ಷರದಲ್ಲಿ, ಎರಡೂ ರಟ್ಟಿನಲ್ಲಿ. ದೇವಾನಂದ ಒಳಗಿನಿಂದ ನೋಡುತ್ತಿದ್ದರು. ಈ ಸಲ ಪೆನ್ನು ಕೇಳಲಿಲ್ಲ.